ಚೀಟಿಯಲ್ಲಿ ಬಂದ ಹೆಸರು

ಕಾರಾಗೃಹ ಸಿಬ್ಬಂದಿಯಲ್ಲೇ ಕೆಲವರನ್ನು ಆರಿಸಿ, ಸಂಕಟದಲ್ಲಿರುವ ಸಹೋದ್ಯೋಗಿಗೆ ಆಸರೆಯಾಗುವುದನ್ನು ಕಲಿಸುವ ಎರಡು ದಿನಗಳ ತರಬೇತಿಯನ್ನು ಧಾರವಾಡದಲ್ಲಿ ನಡೆಸುವ ಹೊಣೆ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಗದಗ, ಹಾವೇರಿಗಳಿಂದಲೂ ವಾರ್ಡರುಗಳು ಬಂದಿದ್ದರು. ಮೊದಲ ತಾಸಿನಲ್ಲಿಯೇ ನಾನು ಎಡವಿದೆ. ಇಲ್ಲಿ ಎಲ್ಲರೂ ಸಮಾನರೆಂದು ತೋರಿಸುವ ಹುಮ್ಮಸ್ಸಿನಲ್ಲಿ ಮೇಲಧಿಕಾರಿಯೊಬ್ಬರನ್ನೂ ಜೊತೆಗೆ ಕೂರಿಸಿಕೊಂಡು, ಕೆಲಸದಲ್ಲಿ ಮನಸ್ಸಿಗೆ ಭಾರವಾದದ್ದನ್ನು ಹೇಳಿರೆಂದು ಕೇಳಿದೆ. ಒಬ್ಬೊಬ್ಬರೂ ಎದ್ದು ನಿಂತು, ಹಾಜರಿ ಕೊಟ್ಟಂತೆ, ಏನೂ ತೊಂದರೆಯಿಲ್ಲವೆಂದು ಹೇಳಿ ಕುಳಿತರು. ಚಹಾದ ಹೊತ್ತಿಗೆ ಹಿರಿಯರೊಬ್ಬರು ಹತ್ತಿರ ಬಂದು, "ಮೇಡಂ, ನಿದ್ದಿ ಬರಂಗಿಲ್ಲ ಅಂತ ಸಾಹೇಬ್ರ ಮುಂದ ಹೆಂಗ ಹೇಳೂದ್ರಿ?" ಎಂದರು.

ಅಧಿಕಾರಿಯವರು ಮಧ್ಯಾಹ್ನ ತಾವಾಗಿಯೇ ಹೊರಗುಳಿದರು. ಆಮೇಲೆ ಒಂದು ಸನ್ನಿವೇಶವನ್ನು ಅಭಿನಯಿಸಲು ಹೇಳಿದೆ: ಪಾಳಿಯಲ್ಲಿದ್ದಾಗ ಬಂದಿಯೊಬ್ಬನ ಸಾವನ್ನು ಮೊದಲು ಕಂಡ ವಾರ್ಡರ್, ಮತ್ತು ಅವನ ಬಳಿ ಕುಳಿತ ಗೆಳೆಯ. ಗೆಳೆಯನ ಪಾತ್ರದವರು ಕೇಳಿದ ಮೊದಲ ಪ್ರಶ್ನೆಯೇ, "ಅವತ್ತ ನೀ ಎಷ್ಟಕ್ಕ ರೌಂಡ್ ಹೋಗಿದ್ದಿ?" ಎದುರಿಗಿದ್ದವರು ಅಭಿನಯವೆಂಬುದನ್ನೂ ಮರೆತು ತಲೆ ತಗ್ಗಿಸಿದರು. ಅದು ವಿಚಾರಣೆಯ ಪ್ರಶ್ನೆ. ಬಂಧನದಲ್ಲಿ ಸಾವಾದರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಆ ದಿನಗಳಲ್ಲಿ ಸಿಬ್ಬಂದಿ ಬಾಯಿ ಬಿಗಿದುಕೊಳ್ಳುವುದು ಸಹಜ. ವಕೀಲರ ಬಳಿ ಆಡಿದ ಮಾತಿಗೆ ಕಾನೂನಿನಲ್ಲಿರುವ ರಕ್ಷಣೆ ಸಹೋದ್ಯೋಗಿಯ ಬಳಿ ಆಡಿದ ಮಾತಿಗಿಲ್ಲ. ಆದ್ದರಿಂದ ಘಟನೆಯ ವಿವರವನ್ನು ಕೆದಕಬಾರದು, ಆಮೇಲೆ ಉಂಡೆಯಾ, ಮಲಗಿದೆಯಾ, ಮನೆಯಲ್ಲಿ ಯಾರಿದ್ದಾರೆ ಎಂದಷ್ಟೇ ಕೇಳಬೇಕು ಎಂಬುದಕ್ಕೇ ಇಡೀ ಮಧ್ಯಾಹ್ನ ಹಿಡಿಯಿತು. ಗುಟ್ಟು ಕಾಯುತ್ತೇನೆಂದು ಮಾತು ಕೊಡುವಾಗಲೇ, ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ವೈದ್ಯರಿಗೆ ತಿಳಿಸುತ್ತೇನೆಂದೂ ಹೇಳಿಬಿಡಬೇಕು ಎಂದಾಗ ಒಬ್ಬರು ಒಪ್ಪಲೇ ಇಲ್ಲ. ಹಾಗೆಂದರೆ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ ಎಂದು ನನಗೂ ಅನಿಸಿತು, ಆದರೂ ನಾನು ಬಿಟ್ಟುಕೊಡಲಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಾಗ ಹಿಂದಿನ ಸಾಲಿನವರು ನಕ್ಕರು. ಮೊಬೈಲ್ ಗೇಟಿನಲ್ಲೇ ಇಟ್ಟು ಒಳಹೋಗುವವರಿಗೆ ನಡುರಾತ್ರಿ ಸಿಗುವವನು ಪಕ್ಕದ ಪಾಳಿಯವನೇ. ಆ ನಗುವೇ ನನಗೆ ದಾರಿ ತೋರಿತು. ರಾತ್ರಿ ಎರಡಕ್ಕೆ ಮನಸ್ಸು ಕೆಟ್ಟರೆ ಯಾರ ಬಳಿ ಹೋಗುತ್ತೀರೆಂದು ಚೀಟಿಯಲ್ಲಿ ಬರೆಯಿಸಿದೆ. ಒಂದೇ ಜೈಲಿನಿಂದ ಬಂದಿದ್ದ ಹೆಚ್ಚಿನವರ ಚೀಟಿಗಳಲ್ಲಿ ಒಬ್ಬರದೇ ಹೆಸರಿತ್ತು. ಕಚೇರಿ ಆರಿಸಿ ಕಳಿಸಿದ್ದ ಪಟ್ಟಿಯಲ್ಲಿ ಮಾತ್ರ ಅದಿರಲಿಲ್ಲ. ಸಂಜೆ ಅಧಿಕಾರಿಯವರಿಗೆ ಫೋನ್ ಮಾಡಿ, ಅವರನ್ನೂ ಕಳಿಸಿಕೊಡಿರೆಂದು ಕೇಳಿಕೊಂಡೆ.

ಮರುದಿನ ರಾತ್ರಿಪಾಳಿ ಮುಗಿಸಿ ಅದೇ ಸಮವಸ್ತ್ರದಲ್ಲಿ ಬಂದ ಅವರು ಬಾಗಿಲಲ್ಲೇ ನಿಂತು ಟೋಪಿ ತೆಗೆದು ಕೇಳಿದರು: "ಮೇಡಂ, ನನ್ನಿಂದ ಏನರ ತಪ್ಪಾತೇನ್ರಿ?"