ನಮ್ಮ ಜನಕ್ಕೆ ದೊಣ್ಣೆ ಹಿಡಿದವನೇ ಬೇಕಾ?

ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅದು ಗೊತ್ತಾದ ಕೂಡಲೇ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಮನೆ ನೋಡಲು ಹೋದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ನಮ್ಮ ಜನಕ್ಕೆ ದೊಣ್ಣೆ ಹಿಡಿದವನೇ ಸರಿ, ಅಲ್ವಾ ಮೇಡಂ?" ಬಾಯಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಈಗ ಬರೆದಿಡುತ್ತೇನೆ. ಸರಿ ಅಲ್ಲ.

ಮೊದಲು ಆ 'ನಮ್ಮ ಜನ' ಅನ್ನುವ ಮಾತು. ಅದನ್ನು ಹೇಳುವವರು ಯಾರೂ ತಮ್ಮನ್ನು ಅದರೊಳಗೆ ಸೇರಿಸಿಕೊಂಡಿರುವುದಿಲ್ಲ. ಸಿಗ್ನಲ್ ಜಂಪ್ ಮಾಡುವವರು, ಕಂದಾಯ ಕಟ್ಟದವರು, ದುಡ್ಡು ತಗೊಂಡು ವೋಟು ಹಾಕುವವರು ಎಲ್ಲ ಬೇರೆ ಯಾರೋ. ದೊಣ್ಣೆ ಬೀಳಬೇಕಾದದ್ದು ಪಕ್ಕದ ಮನೆಯವರ ಬೆನ್ನಿಗೆ. ಇದನ್ನು ಕೇಳಿದಾಗೆಲ್ಲ ನನಗೆ ನಿಜಕ್ಕೂ ಕೋಪ ಬರುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಸಂಜೆ ಸೋದರಮಾವನ ಜೊತೆ ಹಾಲು ಹಾಕಲು ಡೈರಿಗೆ ಹೊರಟೆ. ದಾರಿಯಲ್ಲಿ ಮಾವನೂ ಅದನ್ನೇ ಕೇಳಿದರು. "ನಮ್ ಜನ ಸರಿ ಇಲ್ಲ ಕಣಮ್ಮ. ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ. ಗಟ್ಟಿ ಆಸಾಮಿ ಒಬ್ಬ ಬೇಕು. ಚಾಣಕ್ಯನೇ ಹೇಳಿಲ್ವಾ?"

ಚಾಣಕ್ಯನ ಹೆಸರು ಬಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಚಾಣಕ್ಯ, ಅಂದರೆ ಕೌಟಿಲ್ಯ, ರಾಜ್ಯ ಆಳುವ ಬಗ್ಗೆ ಬರೆದ ಅರ್ಥಶಾಸ್ತ್ರ ಕಳೆದೇ ಹೋಯಿತು ಅಂದುಕೊಂಡಿದ್ದ ಪುಸ್ತಕ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಅದರ ತಾಳೆಗರಿ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಗುರುತು ಹಿಡಿದು, 1909ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಊರಲ್ಲೇ ಮತ್ತೆ ಬೆಳಕು ಕಂಡ ಪುಸ್ತಕವನ್ನು ನಾವೇ ಅರ್ಧ ಓದುವುದು ಸರಿಯಾ?

ಹೌದು, ಮನುಷ್ಯನ ಬಗ್ಗೆ ಕೌಟಿಲ್ಯನಿಗೆ ದೊಡ್ಡ ನಂಬಿಕೆ ಏನಿಲ್ಲ. ದಂಡದ ಭಯ ಇಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಅನ್ನುತ್ತಾನೆ. ನಾಲಿಗೆ ಮೇಲಿಟ್ಟ ಜೇನಿನ ರುಚಿ ನೋಡದೆ ಇರಲು ಆಗದು, ಹಾಗೇ ರಾಜನ ಹಣ ಮುಟ್ಟುವ ಅಧಿಕಾರಿ ಚೂರಾದರೂ ತಿನ್ನದೆ ಇರಲಾರ. ನೀರೊಳಗಿನ ಮೀನು ಯಾವಾಗ ನೀರು ಕುಡಿಯಿತು ಅಂತ ಯಾರಿಗೂ ತಿಳಿಯದು. ಬೊಕ್ಕಸ ನುಂಗುವ 40 ದಾರಿಗಳನ್ನು ಎಣಿಸಿ ಬರೆದಿದ್ದಾನೆ. ದೊಣ್ಣೆ ಕೇಳುವವರು ಇಲ್ಲಿಗೇ ನಿಲ್ಲುತ್ತಾರೆ.

ಆದರೆ ಪುಸ್ತಕ ಇಲ್ಲಿಗೆ ನಿಲ್ಲುವುದಿಲ್ಲ. ಕಠಿಣವಾಗಿ ದಂಡಿಸುವ ರಾಜನಿಂದ ಜನ ರೋಸಿಹೋಗುತ್ತಾರೆ. ತೀರಾ ಮೆತ್ತಗಿದ್ದರೆ ಲೆಕ್ಕಕ್ಕೇ ಇಡುವುದಿಲ್ಲ. ತಪ್ಪಿಗೆ ತಕ್ಕಷ್ಟು ದಂಡಿಸುವವನಿಗೆ ಮಾತ್ರ ಗೌರವ. ರಾಜ ಮೊದಲು ಗೆಲ್ಲಬೇಕಾದದ್ದು ತನ್ನದೇ ಕಾಮ, ಕ್ರೋಧ, ಲೋಭ, ಗರ್ವಗಳನ್ನು. ಗೆಲ್ಲದೆ ಹಾಳಾದವರು ಯಾರು ಅಂತ ಹೆಸರು ಹಿಡಿದೇ ಹೇಳುತ್ತಾನೆ. ಆ ಪಟ್ಟಿಯಲ್ಲಿ ರಾವಣ ಇದ್ದಾನೆ, ದುರ್ಯೋಧನ ಇದ್ದಾನೆ. ಕೆಲಸ ಹೇಳಿಕೊಂಡು ಬಂದವರನ್ನು ಬಾಗಿಲಲ್ಲಿ ಕಾಯಿಸಬೇಡ ಅಂತಲೂ ಇದೆ.

ನಾನು ತರಗತಿಯಲ್ಲಿ ಪ್ರತಿ ವರ್ಷ ನಿಧಾನವಾಗಿ ಓದುವ ಜಾಗ ಇನ್ನೊಂದಿದೆ. ತಪ್ಪಿಲ್ಲದವನಿಗೆ ರಾಜ ದಂಡ ಹಾಕಿದರೆ, ಅದರ 30 ಪಟ್ಟು ರಾಜನೇ ದಂಡ ತೆರಬೇಕು. ವರುಣನ ಹೆಸರಿನಲ್ಲಿ ನೀರಿಗೆ ಬಿಟ್ಟು, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು. ಇದರಲ್ಲಿ ನನಗೆ ತಕರಾರಿದೆ. ಅನ್ಯಾಯ ಆದವನ ಕೈಗೆ ಆ 30 ಪಟ್ಟಿನಲ್ಲಿ ಒಂದು ಕಾಸೂ ಬರುವುದಿಲ್ಲ. ರಾಜ ತೆರದೇ ಹೋದರೆ? ತಪ್ಪಿ ನಡೆಯುವ ರಾಜರನ್ನು ವರುಣ ದಂಡಿಸುತ್ತಾನೆ ಅಂತ ಬರೆದಿದೆ. ಅಂದರೆ ದೇವರೇ ನೋಡಿಕೊಳ್ಳಬೇಕು. ಆದರೂ ಜನರ ಬಗ್ಗೆ ಇಟ್ಟ ಅನುಮಾನವನ್ನು ಕೌಟಿಲ್ಯ ಸಿಂಹಾಸನದವರೆಗೂ ಒಯ್ದ. ಇವತ್ತು ಅವನ ಹೆಸರು ಹೇಳುವವರು ಒಯ್ಯುವುದಿಲ್ಲ.

ಇಂಗ್ಲೆಂಡಿನಲ್ಲೂ ಇದೇ ಜಗಳ ಆಗಿದೆ. ಅಂತರ್ಯುದ್ಧಕ್ಕೆ ಹೆದರಿದ ತತ್ವಜ್ಞಾನಿ ಹಾಬ್ಸ್ 1651ರಲ್ಲಿ ಎಲ್ಲ ಅಧಿಕಾರ ಒಂದೇ ಕಡೆ ಇರಲಿ, ಇಲ್ಲದಿದ್ದರೆ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ ಅಂದ. ಆಮೇಲೆ ಬಂದ ಇನ್ನೊಬ್ಬ ತತ್ವಜ್ಞಾನಿ ಲಾಕ್ ಕೇಳಿದ: ನರಿ ಕಾಟ ತಪ್ಪಿಸಿಕೊಳ್ಳಲು ಸಿಂಹದ ಬಾಯಿಗೆ ಬೀಳುವಷ್ಟು ಜನ ದಡ್ಡರಾ? ಹಾಬ್ಸ್‌ನ ಭಯ ನನಗೆ ಅರ್ಥವಾಗುತ್ತದೆ. ಆದರೆ ನಾನು ಲಾಕ್ ಕಡೆ.

ಕೆಲವರು ಉಲ್ಟಾ ಕೇಳುತ್ತಾರೆ. ದೊಣ್ಣೆ ಬೇಡ ಮೇಡಂ, ದೇವರಂಥ ಮನುಷ್ಯ ಒಬ್ಬ ಸಿಕ್ಕರೆ ಸಾಕು, ಎಲ್ಲ ಸರಿಹೋಗುತ್ತೆ, ಅಲ್ವಾ? ಅದೂ ಅದೇ ತಪ್ಪು. ಎರಡರಲ್ಲೂ ನಾಯಕನೊಬ್ಬ ಮನುಷ್ಯ ಸ್ವಭಾವದಿಂದ ಹೊರಗೆ ನಿಂತಿರುತ್ತಾನೆ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಲ್ಲಿ ಅದು ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಅಂದರು.

ಹಾಗಾಗಿ 'ನಮ್ಮ ಜನ ಎಂಥವರು' ಅಂತ ನನ್ನನ್ನು ಕೇಳಬೇಡಿ. ಕೈಗೆ ಅಧಿಕಾರ ಬಂದ ಮೇಲೆ ಆ ಜನರಲ್ಲೇ ಒಬ್ಬ ಏನಾಗುತ್ತಾನೆ, ಅವನ ಲೆಕ್ಕ ನೋಡುವವರು ಯಾರು ಅಂತ ಕೇಳಿ. ಅದಕ್ಕೆ ನಾನು ರಾತ್ರಿಯಿಡೀ ಕೂತು ಮಾತಾಡಲು ತಯಾರಿದ್ದೇನೆ.

ಅವತ್ತು ಮಾವನಿಗೆ ನಾನು ಇದೇನೂ ಹೇಳಲಿಲ್ಲ. ಅಷ್ಟರಲ್ಲಿ ಡೈರಿ ಬಂತು. ಸಾಲಿನಲ್ಲಿ ಹತ್ತಿಪ್ಪತ್ತು ಕ್ಯಾನು. ಸೆಕ್ರೆಟರಿ ಒಬ್ಬೊಬ್ಬರ ಹಾಲನ್ನೂ ಜಾರಿಗೆ ಸುರಿದು ಲ್ಯಾಕ್ಟೋಮೀಟರ್ ಬಿಡುತ್ತಿದ್ದ. ನೀರು ಬೆರೆತಿದ್ದರೆ ಆ ಗಾಜಿನ ಕಡ್ಡಿ ಜಾಸ್ತಿ ಮುಳುಗುತ್ತದೆ. ನಮ್ಮ ಮುಂದೆ ನಿಂತಿದ್ದವರು ಸಂಘದ ಅಧ್ಯಕ್ಷರು.

"ಅವರ ಹಾಲಿಗೂ ಡಿಗ್ರಿ ನೋಡ್ತಾರಾ ಮಾವ?" ಮೆಲ್ಲಗೆ ಕೇಳಿದೆ.

"ನೋಡ್ದೆ ಇದ್ರೆ ನಾವು ಬಿಡ್ತೀವಾ?"

"ಯಾಕೆ, ಅವರು ಒಳ್ಳೆಯವರಲ್ವಾ?"

"ಬಹಳ ಒಳ್ಳೆಯವ್ರು. ಎರಡು ಸಲ ನಾವೇ ಗೆಲ್ಸಿದೀವಿ."

ಸೆಕ್ರೆಟರಿ ಜಾರಿಗೆ ಹಾಲು ಸುರಿದ. ಕಡ್ಡಿ ಎರಡು ಸಲ ಮೇಲೆ ಕೆಳಗೆ ಆಡಿ ನಿಂತಿತು. ಮಾವ ಕತ್ತು ಚಾಚಿ ನೋಡಿದರು. ಅಧ್ಯಕ್ಷರು ಪಾಸ್‌ಬುಕ್ ಹಿಡಿದು ಕಾಯುತ್ತಿದ್ದರು.