ಹೃದಯದಿಂದ ದೂರದ ಜಾಗ

ಮೊನ್ನೆ ರಾತ್ರಿ ತಮ್ಮನ ಜೊತೆ ‘ದಿ ಶೈನಿಂಗ್’ ಎಂಬ ಅಮೆರಿಕನ್ ದೆವ್ವದ ಸಿನಿಮಾ ನೋಡುತ್ತಾ ಕೂತಿದ್ದೆ. ನನಗೆ ಎಷ್ಟನೇ ಸಲವೋ, ಅವನಿಗೆ ಮೊದಲ ಸಲ. ಕಪ್ಪು ಅಡುಗೆಯವನು ಹ್ಯಾಲೊರನ್ ಖಾಲಿ ಹೋಟೆಲಿನೊಳಗೆ ಬಂದು, ಯಾರಾದರೂ ಇದ್ದೀರಾ ಎಂದು ಕೂಗಿದ. ಕಂಬದ ಮರೆಯಿಂದ ಕೊಡಲಿ ಬಂತು, ನೇರ ಎದೆಗೆ. ತಮ್ಮ ತಕ್ಷಣ ಸಿನಿಮಾ ನಿಲ್ಲಿಸಿದ. ‘ಅಕ್ಕಾ, ಪಾಪ, ಮಯಾಮಿಯಿಂದ ಬಂದಿದ್ದು ಇದಕ್ಕೇನಾ?’

ನನಗೂ ಪ್ರತಿ ಸಲ ಅಲ್ಲೇ ನೋಯುತ್ತದೆ. ವಿಮಾನ ಹತ್ತಿ, ಹಿಮದ ಬಿರುಗಾಳಿಯಲ್ಲಿ ಗಾಡಿ ಓಡಿಸಿಕೊಂಡು ಅವನು ಬಂದಿದ್ದು ಆ ಹೋಟೆಲಿನಲ್ಲಿ ಹುಚ್ಚೆದ್ದ ಅಪ್ಪನ ಜೊತೆ ಸಿಕ್ಕಿಬಿದ್ದ ಮಗುವಿಗಾಗಿ. ನಮ್ಮ ಕಣ್ಣೆದುರೇ ಕೊಲೆಯಾಗುವವನು ಇಡೀ ಸಿನಿಮಾದಲ್ಲಿ ಅವನೊಬ್ಬನೇ. 1977ರ ಕಾದಂಬರಿಯಲ್ಲಿ ಅವನು ಬದುಕುತ್ತಾನೆ. 1980ರ ಸಿನಿಮಾದಲ್ಲಿ ತಾಯಿ-ಮಗ ಅವನು ತಂದ ಗಾಡಿಯಲ್ಲೇ ಪಾರಾಗುತ್ತಾರೆ, ಅವನು ನೆಲದ ಮೇಲೆ ಬಿದ್ದಿರುತ್ತಾನೆ. ಬಾಯಿ ಬಿಡದೆ ಅಜ್ಜಿಯ ಜೊತೆ ಮಾತಾಡುತ್ತಿದ್ದೆ ಎಂದು ಹ್ಯಾಲೊರನ್ ಆಗಿ ನಟಿಸಿದ ಸ್ಕ್ಯಾಟ್‌ಮನ್ ಕ್ರೋದರ್ಸ್ ಆ ಹುಡುಗನಿಗೆ ಎಷ್ಟು ಅಕ್ಕರೆಯಿಂದ ಹೇಳುತ್ತಾರೆ! ಆ ಅಜ್ಜಿಯನ್ನು ಬಿಟ್ಟರೆ ಅವನ ಬದುಕಿನ ಬಗ್ಗೆ ನಮಗೆ ಹೆಚ್ಚೇನೂ ಗೊತ್ತಾಗುವುದಿಲ್ಲ.

ಹಳೆಯ ಅಮೆರಿಕನ್ ದೆವ್ವದ ಸಿನಿಮಾಗಳಲ್ಲಿ ಕಪ್ಪು ಜನರಿಗೆ ಸಿಗುತ್ತಿದ್ದುದು ಜಾಸ್ತಿ ಇಂಥ ಪಾತ್ರಗಳೇ. ಅಪಾಯ ಅವರಿಗೆ ಮೊದಲೇ ಗೊತ್ತು, ಆದರೆ ಕಥೆ ಬೇರೆಯವರದು. 1940ರ ದಶಕದಲ್ಲಂತೂ ಕಣ್ಣರಳಿಸಿ ಹೆದರಿ ನಗಿಸುವ ಆಳುಗಳು. ಅದನ್ನು ನೋಡಿ ನಗಲು ನನಗೆ ಆಗುವುದಿಲ್ಲ.

ಮರುದಿನ ತಮ್ಮನಿಗೆ 1943ರ ‘ಐ ವಾಕ್ಡ್ ವಿತ್ ಎ ಜಾಂಬಿ’ ತೋರಿಸಿದೆ. ಕೆರಿಬಿಯನ್ ದ್ವೀಪವೊಂದಕ್ಕೆ ಬಿಳಿಯ ನರ್ಸ್ ಬಂದಿಳಿಯುತ್ತಾಳೆ. ನಮ್ಮ ಪೂರ್ವಿಕರನ್ನು ಹಡಗಿನ ತಳಕ್ಕೆ ಸರಪಳಿ ಹಾಕಿ ತಂದರು ಎಂದು ಗಾಡಿ ಹೊಡೆಯುವವನು ಹೇಳುತ್ತಾನೆ. ಸುಂದರವಾದ ಜಾಗಕ್ಕೇ ತಂದಿದ್ದಾರಲ್ವಾ ಎನ್ನುತ್ತಾಳೆ ಅವಳು. ‘ನೀವು ಹೇಳಿದ ಹಾಗೇ’ ಎಂದಷ್ಟೇ ಹೇಳಿ ಅವನು ಸುಮ್ಮನಾಗುತ್ತಾನೆ. ಆ ಸೌಜನ್ಯದೊಳಗೆ ಎಷ್ಟು ನೋವಿದೆ!

ಅದೇ ಸಿನಿಮಾದಲ್ಲಿ ಕೆಲಸದಾಕೆ ಆಲ್ಮಾ ಇದ್ದಾಳೆ. ಬೆಳಿಗ್ಗೆ ನರ್ಸನ್ನು ಎಬ್ಬಿಸಲು ಕಾಲನ್ನು ಮೆಲ್ಲಗೆ ಮುಟ್ಟುತ್ತಾಳೆ. ಬೆಚ್ಚಿಬೀಳಬಾರದು ಅಂತ ಹೃದಯದಿಂದ ದೂರದ ಜಾಗ ಮುಟ್ಟಿದೆ ಎನ್ನುತ್ತಾಳೆ. ಆಲ್ಮಾ ಆಗಿ ನಟಿಸಿದ ಥೆರೇಸಾ ಹ್ಯಾರಿಸ್ ಅವರನ್ನು ಹಾಲಿವುಡ್ ಸಿನಿಮಾ ಸಿನಿಮಾಗೂ ಕೆಲಸದಾಕೆ ಮಾಡಿತು. ಇಲ್ಲಿ ಸಿಕ್ಕ ಒಂದೆರಡು ನಿಮಿಷದಲ್ಲೇ ಅವರು ಒಬ್ಬ ಇಡೀ ಮನುಷ್ಯಳನ್ನು ಕಟ್ಟಿಕೊಡುತ್ತಾರೆ. ಆಲ್ಮಾ ಸಂಜೆ ಕೆಲಸ ಮುಗಿಸಿ ಎಲ್ಲಿಗೆ ಹೋಗುತ್ತಾಳೆ, ಅವಳಿಗೆ ಯಾರಿದ್ದಾರೆ, ಅದೆಲ್ಲ ನನಗೆ ತಿಳಿಯಬೇಕು. ಕ್ಯಾಮೆರಾ ತೋಟದ ಮಾಲೀಕರ ಮನೆಗೇ ವಾಪಸ್ ಬರುತ್ತದೆ.

ಕೊನೆಗೆ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’, ಎದ್ದು ನಡೆಯುವ ಶವಗಳಿಗೆ ಹೆದರಿ ಒಂದು ಮನೆಯಲ್ಲಿ ಅಡಗಿದವರ ಕಥೆ. ಬೆನ್ ಪಾತ್ರವನ್ನು ಕಪ್ಪು ಮನುಷ್ಯನದೆಂದು ಬರೆದಿರಲಿಲ್ಲ. ಡುವೇನ್ ಜೋನ್ಸ್ ಚೆನ್ನಾಗಿ ನಟಿಸಿದರು, ಪಾತ್ರ ಅವರಿಗೆ ಸಿಕ್ಕಿತು. ಹಲಗೆ ಹೊಡೆದು ಕಿಟಕಿ ಮುಚ್ಚುವವನು, ಎಲ್ಲರಿಗೂ ಹೀಗೆ ಮಾಡಿ ಎಂದು ಹೇಳುವವನು ಬೆನ್. ರಾತ್ರಿಯಿಡೀ ಕಥೆ ಅವನದೇ. ತಮ್ಮ ಖುಷಿಯಿಂದ ನೆಟ್ಟಗೆ ಕೂತ. ಬೆಳಗಾಯಿತು. ಹೊರಗೆ ಬಂದೂಕು ಹಿಡಿದ ಬಿಳಿಯರ ಗುಂಪು. ಸದ್ದು ಕೇಳಿ ಬೆನ್ ಕಿಟಕಿಯ ಹತ್ತಿರ ಬಂದ. ಅವನನ್ನೂ ಎದ್ದು ನಡೆಯುವ ಶವವೆಂದುಕೊಂಡು ಹಣೆಗೇ ಗುಂಡು ಹೊಡೆದರು.

ಆಮೇಲೆ ಬರೀ ಸ್ಥಿರಚಿತ್ರಗಳು, ಹಳೆಯ ಪತ್ರಿಕೆಯ ಫೋಟೊಗಳ ಹಾಗೆ. ಕೊಕ್ಕೆ ಹಿಡಿದ ಕೈಗಳು, ಬೆನ್‌ನ ಮುಖ. ತಮ್ಮ ಈ ಸಲ ಏನೂ ಕೇಳಲಿಲ್ಲ. ಹೆಸರುಗಳು ಮುಗಿಯುವವರೆಗೂ ಇಬ್ಬರೂ ಎದ್ದೇಳಲಿಲ್ಲ.