ಗೊಂಬೆ ಪೆಟ್ಟಿಗೆ ಪಕ್ಕದ ಬೈಂಡ್ ಪುಸ್ತಕ

ಮೈಸೂರಿನ ಹಳೇ ಮನೆಗಳಲ್ಲಿ ಅಟ್ಟ ಹತ್ತುವುದು ದಸರಾ ಗೊಂಬೆ ಇಳಿಸಲು ಮಾತ್ರ. ಗೊಂಬೆ ಪೆಟ್ಟಿಗೆ ಪಕ್ಕದ ಹಳೇ ಕಾಮಿಕ್ಸ್ ಆಗ ಕಣ್ಣಿಗೆ ಬೀಳುತ್ತವೆ, ಹಬ್ಬ ಮುಗಿಯುವಷ್ಟರಲ್ಲಿ ರದ್ದಿಯವರ ತಕ್ಕಡಿ ಏರಿರುತ್ತವೆ. ಮಂಡ್ಯ ಕಡೆ ಸಂಕ್ರಾಂತಿಗೆ ಸುಣ್ಣಬಣ್ಣ ಮಾಡಿಸುವಾಗಲೂ ಇದೇ ಕತೆ. ಗುಜರಿ ಅಂಗಡಿಯಲ್ಲಿ ಹುಡುಕುವವರಿಗೆ ಈ ಎರಡು ಹಬ್ಬದ ಆಸುಪಾಸೇ ಸುಗ್ಗಿ.

ಬಿಡಿ ಪ್ರತಿಗಿಂತ ಹೆಚ್ಚು ಕಣ್ತಪ್ಪುವುದು ಬೈಂಡ್ ಮಾಡಿಸಿದ್ದು. ಹತ್ತು ಹನ್ನೆರಡು ಸಂಚಿಕೆ ಸೇರಿಸಿ, ರಟ್ಟು ಹಾಕಿಸಿರುತ್ತಾರೆ. ಬೆನ್ನ ಮೇಲೆ ಹೆಸರಿಲ್ಲದಿದ್ದರೆ ಹಳೇ ಲೆಕ್ಕದ ಪುಸ್ತಕದಂತೆ ಕಾಣುತ್ತದೆ, ತೂಕಕ್ಕೆ ಹೋಗುತ್ತದೆ. ರಟ್ಟು ತೆರೆಯದೆ ಯಾವುದನ್ನೂ ಬದಿಗಿಡಬೇಡಿ.

ಒಳಗೆ ಕನ್ನಡದ ಸಂಚಿಕೆ ಇದ್ದರೆ ನಿಧಾನವಾಗಿ ನೋಡಿ. ಅಮರ ಚಿತ್ರ ಕಥೆ ಎಂದರೆ 1967, ಕಾರ್ಕಳದಲ್ಲಿ ಹುಟ್ಟಿದ ಸಂಪಾದಕ ಅನಂತ ಪೈ, ಇಂಗ್ಲಿಷಿನ ‘ಕೃಷ್ಣ’ ಎಂದೇ ಎಲ್ಲರೂ ಶುರು ಮಾಡುತ್ತಾರೆ. ಆದರೆ ಅದೇ ಹೆಸರಿನ ಪುಸ್ತಕಗಳು 1965ರಲ್ಲೇ ಕನ್ನಡದಲ್ಲಿ ಬಂದು ಚೆನ್ನಾಗಿ ಮಾರಾಟವಾಗಿದ್ದವು ಎಂದು ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ‘ಕೃಷ್ಣ’ದ ಸಂಖ್ಯೆ 11 ಆಗಿದ್ದು ಅದಕ್ಕೇ: ಕನ್ನಡದಲ್ಲಿ ಬಂದಿದ್ದ ಮೊದಲ ಹತ್ತು ಪಾಶ್ಚಾತ್ಯ ಕಥೆಗಳು. ಸಿಂಡರೆಲ್ಲಾಳ ಕತೆ ಎಂದು ಪಕ್ಕಕ್ಕೆ ಎಸೆಯುವ ಪ್ರತಿಯೇ ಅಪರೂಪದ್ದಾಗಿರಬಹುದು. ಇನ್ನು ಫ್ಯಾಂಟಮ್, ಮಾಂಡ್ರೇಕ್ ಕತೆಗಳ ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ಬಂತು, ಅದರ ಕನ್ನಡ ಪ್ರತಿಗಳೂ ಇಂಗ್ಲಿಷಿನಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಸವಿ ಅಚ್ಚಾಗಿರದಿದ್ದರೆ ವಿಳಾಸ ನೋಡಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಪ್ರಕಾಶಕರ ಅಥವಾ ಜಾಹೀರಾತಿನ ವಿಳಾಸದಲ್ಲಿ ಆರಂಕಿ ಇದ್ದರೆ ಪ್ರತಿ ಅದಕ್ಕಿಂತ ಹಳೆಯದಲ್ಲ. ಇಲ್ಲದಿದ್ದರೆ ಹಳೆಯದಿರಬಹುದು ಅಷ್ಟೇ, ಆಮೇಲೂ ಎಷ್ಟೋ ಜನ ಪಿನ್ ಹಾಕುತ್ತಿರಲಿಲ್ಲ. ‘ಮೈಸೂರು ರಾಜ್ಯ’ ಎಂದು ಅಚ್ಚಾಗಿದ್ದರೆ 1973ರ ನವೆಂಬರ್‌ಗೆ ಮುಂಚಿನದು ಎನ್ನಲು ಒಳ್ಳೇ ಸಾಕ್ಷಿ. ಅಮರ ಚಿತ್ರ ಕಥೆಯಲ್ಲಿ ಸಂಖ್ಯೆ 501ರಿಂದ ಶುರುವಾಗುವ ಸಾಲು ನಂತರದ ಮರುಮುದ್ರಣ. ಬಾಡಿಗೆ ಲೈಬ್ರರಿಯ ರಬ್ಬರ್ ಮೊಹರಿನ ತಾರೀಕನ್ನು ಮಾತ್ರ ನಂಬಬೇಡಿ, ಅದು ಪುಸ್ತಕ ಓದಿದ ದಿನ, ಅಚ್ಚಾದ ದಿನವಲ್ಲ.

ಈಗ ಬೈಂಡ್ ಬಿಚ್ಚಬೇಕೋ ಬೇಡವೋ? ಪುಟ ಪೂರ್ತಿ ತೆರೆದುಕೊಂಡು ಒಳಗಿನ ಮಾತಿನ ಗುಳ್ಳೆ ಓದಲು ಬಂದರೆ ಮುಟ್ಟಬೇಡಿ. ಬೈಂಡರ್ ಮೂರು ಬದಿ ಕತ್ತರಿಸಿದ ಅಂಚು ಹೇಗೂ ವಾಪಸು ಬರುವುದಿಲ್ಲ. ಹೊಲಿಗೆ ಚಿತ್ರವನ್ನೇ ನುಂಗಿದ್ದರೆ ಮಾತ್ರ ಬಿಚ್ಚಿ. ರಟ್ಟನ್ನು ಅದು ಬೆನ್ನಿಗೆ ಸೇರುವ ಕೀಲಿನಲ್ಲಿ ಕತ್ತರಿಸಿ ತೆಗೆಯಿರಿ, ದಬ್ಬಣದ ತೂತುಗಳ ನಡುವೆ ದಾರವನ್ನು ಬ್ಲೇಡಿನಿಂದ ತುಂಡರಿಸಿ ಒಂದೊಂದಾಗಿ ಎಳೆಯಿರಿ. ಒಂದೇ ಸಲ ಜಗ್ಗಿದರೆ ತೂತಿನಿಂದ ತೂತಿಗೆ ಕಾಗದ ಹರಿಯುತ್ತದೆ. ಬೆನ್ನಿಗೆ ಮೈದಾ ಅಂಟಿದ್ದರೆ ಗಟ್ಟಿ ಗಂಜಿ ಸವರಿ, ಹತ್ತು ನಿಮಿಷ ಬಿಟ್ಟು, ಐಸ್‌ಕ್ರೀಮ್ ಕಡ್ಡಿಯಿಂದ ಕೆರೆಯಿರಿ. ನೇರ ನೀರು ಹಾಕಿದರೆ ನ್ಯೂಸ್‌ಪ್ರಿಂಟ್ ಉಬ್ಬಿ ಕಲೆಯಾಗುತ್ತದೆ. ಫೆವಿಕಾಲ್ ಆಗಿದ್ದರೆ ಗಂಜಿಗೆ ಬಗ್ಗುವುದಿಲ್ಲ, ಹಾಗೇ ಬಿಟ್ಟುಬಿಡಿ.

ಬಿಡಿ ಪ್ರತಿಯ ಪಿನ್ನು ತುಕ್ಕು ಹಿಡಿದಿದ್ದರೆ ಮಧ್ಯದ ಪುಟದಲ್ಲಿ ಕಾಲುಗಳನ್ನು ನೆಟ್ಟಗೆ ಮಾಡಿ ಹೊರಗಿನಿಂದ ಎತ್ತಿ. ಅದೇ ತೂತಿಗೆ ಹತ್ತಿ ದಾರ ಸಾಕು. ಹರಿದ ಕಡೆ ಸೆಲ್ಲೋಟೇಪ್ ಖಂಡಿತ ಬೇಡ, ಅದರ ಗೋಂದು ಕಾಗದಕ್ಕಿಳಿದು ಕಂದು ಪಟ್ಟಿಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು.

ಹುಳಕ್ಕೆ ಮದ್ದು ಫ್ರೀಜರ್. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ಬೆವರು ಕೂರುತ್ತದೆ. ಬೂಷ್ಟನ್ನು ಫ್ರೀಜರ್ ಕೊಲ್ಲುವುದಿಲ್ಲ. ನೆರಳಲ್ಲಿ ಗಾಳಿಗೆ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಿಂದ ಮನೆಯ ಹೊರಗೆ ಒರೆಸಿ. ತಾಳೆಗರಿಗೆ ಹಚ್ಚುವ ಹುಲ್ಲೆಣ್ಣೆ (ನಿಂಬೆಹುಲ್ಲಿನ ಎಣ್ಣೆ) ಕಾಗದಕ್ಕೂ ಆದೀತೆಂದು ಕೆಲವರು ಹೇಳುತ್ತಾರೆ. ಆಗದು, ಎಣ್ಣೆ ಕಲೆ ಹೋಗುವುದಿಲ್ಲ.

ಮಂಡ್ಯದ ನಾಲೆ ಪಕ್ಕದ ಮನೆಗಳಲ್ಲಿ ಗೋಡೆಯೇ ತೇವ, ಹಾಗಾಗಿ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗಿಡಿ. ಸಂಚಿಕೆಗಳನ್ನು ಪಾಲಿಪ್ರೊಪಿಲೀನ್ ಕವರಿಗೆ ಹಾಕಿ, ಗಟ್ಟಿ ರಟ್ಟಿನ ಆಸರೆ ಕೊಟ್ಟು ನಿಲ್ಲಿಸಿ. ಮುಟ್ಟಿದರೆ ಮುರಿಯುವಷ್ಟು ಲಡ್ಡಾಗಿದ್ದರೆ ಮಲಗಿಸಿಡಿ, ಮತ್ತೆ ಮತ್ತೆ ತೆರೆಯುವ ಬದಲು ಒಮ್ಮೆ ಸ್ಕ್ಯಾನ್ ಮಾಡಿಬಿಡಿ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಇರಲಿ. ಕಡಿಮೆಯಾದರೆ ಬಣ್ಣದ ಚುಕ್ಕಿಗಳು ಅಲೆಯಲೆಯಾಗಿ ಕಾಣುತ್ತವೆ. ಪುಟದ ಹಿಂದೆ ಕಪ್ಪು ಹಾಳೆ ಇಟ್ಟರೆ ಆಚೆ ಬದಿಯ ಚಿತ್ರ ಇಣುಕುವುದಿಲ್ಲ.